ಮೂವತ್ತೇಳು ಜನರ ಒಂದೇ ತಪ್ಪು

ಜುಲೈ ೮, ಸೋಮವಾರ

ಸೋಮವಾರದ ಮೊದಲ ಪಾಠ,
ಅರ್ಧ ತರಗತಿಗೆ ನಿದ್ದೆಯ ಕಾಟ.

ಹೊಳೆದ ದಿನ ಒಂದು ದ್ವಿಪದಿ ಬರೆದು ಅದರ ಕೆಳಗೆ ದಿನಚರಿ ಬರೆಯುವ ಅಭ್ಯಾಸ ಬಿಡಲಾರೆ. ಓದುವವರು ಯಾರೂ ಇಲ್ಲವಾದ್ದರಿಂದ ವಿಮರ್ಶಕರ ಭಯವಿಲ್ಲ.

ಹನ್ನೊಂದನೆಯ ತರಗತಿ ಬಿ ವಿಭಾಗಕ್ಕೆ ಇವತ್ತು 'ಸಂಬಂಧಗಳು ಮತ್ತು ಫಲನಗಳು' ಶುರು ಮಾಡಿದೆ. ಫಲನ ಎಂದಾಗ ಮೂವತ್ತೆಂಟೂ ಮುಖಗಳು ಗೋಡೆಯಾದವು. ಡಿಗ್ರಿವರೆಗೂ ಕನ್ನಡದಲ್ಲೇ ಗಣಿತ ಕಲಿತವನು ನಾನು, ಸುಲಭಕ್ಕೆ ಬಗ್ಗುವುದಿಲ್ಲ. ಎರಡು ನಿಮಿಷ ಕಾದು ಬಗ್ಗಿದೆ. "ಫಂಕ್ಷನ್ನು," ಎಂದೆ. "ಯಾರ ಮನೇಲಿ ಸಾರ್?" ಎಂದಿತು ಹಿಂದಿನ ಬೆಂಚು. ಈ ಜೋಕು ಇಪ್ಪತ್ತು ವರ್ಷಗಳಿಂದ ಪ್ರತಿ ಜುಲೈಯಲ್ಲೂ ಬರುತ್ತದೆ. ಬಾರದಿದ್ದರೆ ನನಗೇ ಗಾಬರಿಯಾದೀತು.

ವಿಷಯ ಸರಳ. ಎಡಗಡೆ ಒಂದು ಡಬ್ಬಿ, ಬಲಗಡೆ ಒಂದು ಡಬ್ಬಿ, ನಡುವೆ ಬಾಣಗಳು. ಎಡಗಡೆಯ ಪ್ರತಿಯೊಂದು ಸಂಖ್ಯೆಯಿಂದಲೂ ಒಂದೇ ಒಂದು ಬಾಣ ಹೊರಡಬೇಕು. ಹಾಗಿದ್ದರೆ ಆ ಸಂಬಂಧ ಫಲನ. ಬಲಗಡೆ ಒಂದೇ ಸಂಖ್ಯೆಯ ಮೇಲೆ ಹತ್ತು ಬಾಣ ಬಂದು ಬಿದ್ದರೂ ತೊಂದರೆಯಿಲ್ಲ. ಪುಸ್ತಕದಲ್ಲಿ ಇಷ್ಟೇ ಇರುವುದು. ಆದರೆ ಹೀಗೆ ಒಣ ಗದ್ಯದಲ್ಲಿ ಹೇಳಿದರೆ ಯಾವ ತಲೆಯಲ್ಲಿ ನಿಲ್ಲುತ್ತದೆ? ಇದಕ್ಕೊಂದು ಪದ್ಯ ಬೇಕು.

ಜುಲೈ ೯, ಮಂಗಳವಾರ

ಪದ್ಯ ಹುಟ್ಟಿತು. ಬಸ್ಸಿನಲ್ಲಿ, ಒಂದೇ ಕಾಲ ಮೇಲೆ ನಿಂತು, ಕಂಬಿ ಹಿಡಿದುಕೊಂಡು:

ಒಬ್ಬರಿಗೊಬ್ಬರೇ ಜೊತೆ,
ಅದೇ ಫಲನದ ಕಥೆ;
ಇಬ್ಬರು ಬಂದರೆ ಪಾಲಿಗೆ,
ಬೀಗ ಹಾಕು ಬಾಗಿಲಿಗೆ!

ಬಲಗಡೆಯ ಹತ್ತು ಬಾಣದ ವಿಚಾರವನ್ನೂ ಸೇರಿಸಲು ನೋಡಿದೆ. ಸಾಲು ಉದ್ದವಾಗಿ ಕುಂಟಿತು. ಬಿಟ್ಟೆ. ಅದೇನು ದೊಡ್ಡ ವಿಷಯ, ಮಕ್ಕಳಿಗೆ ತಾನಾಗಿಯೇ ಹೊಳೆಯುತ್ತದೆ.

ತರಗತಿಯಲ್ಲಿ ಹತ್ತು ಸಲ ಹೇಳಿಸಿದೆ. ಐದನೆಯ ಸಲಕ್ಕೆ ಬೆಂಚು ಬಡಿಯತೊಡಗಿದರು. 'ಬೀಗ' ಬಂದಾಗಲೆಲ್ಲ ಎಲ್ಲರೂ ಒಟ್ಟಿಗೆ ಧಡ್ ಎಂದು ಬಡಿದರೆ ಪಕ್ಕದ ಕೋಣೆಯ ಇತಿಹಾಸದ ಮೇಷ್ಟ್ರು ಓಡಿ ಬಂದರು. "ಏನಾಯ್ತು, ಚಾವಣಿ ಬಿತ್ತೇ?" "ಇಲ್ಲ, ಗಣಿತ ಎದ್ದಿದೆ," ಎಂದೆ.

ಮೂವತ್ತೇಳು ಜನ ಹಾಜರು. ಬಾರದಿದ್ದವಳು ಒಬ್ಬಳೇ. ಪ್ರತಿ ಮಾತಿಗೂ "ಸಾರ್, ಒಂದು ಸಂದೇಹ" ಎಂದು ಕೈ ಎತ್ತುವುದರಿಂದ ಇಡೀ ತರಗತಿ ಅವಳನ್ನು ಸಂದೇಹ ಎಂದೇ ಕರೆಯುತ್ತದೆ. ಜ್ವರವಂತೆ. ಹೀಗಾಗಿ ಇವತ್ತು ತರಗತಿಯಲ್ಲಿ ಸಂದೇಹವೇ ಇರಲಿಲ್ಲ. ಪಾಠ ಬೆಣ್ಣೆಯಲ್ಲಿ ಕತ್ತಿ ಹೋದಂತೆ ಹೋಯಿತು.

ಜುಲೈ ೧೨, ಶುಕ್ರವಾರ

ಬಸ್ಸಿನಲ್ಲಿ ಬರೆದ ಕೈ,
ಪುಸ್ತಕದಲ್ಲಿ, ಜೈ ಜೈ ಜೈ!

ಇವತ್ತಿನ ದ್ವಿಪದಿಯಲ್ಲಿ ಅಹಂಕಾರವಿದೆ, ಇರಲಿ. ಮುಖ್ಯೋಪಾಧ್ಯಾಯಿನಿಯವರು ಕೋಣೆಗೆ ಕರೆದು, "ಮೇಷ್ಟ್ರೇ, ಕಾರಿಡಾರಿನಲ್ಲಿ ಆಯಾ ಕೂಡ ನಿಮ್ಮ ಪದ್ಯ ಹಾಡ್ಕೊಂಡು ನೆಲ ಒರೆಸ್ತಿದ್ದಾಳೆ. ಇಲಾಖೆಯಿಂದ ಹೊಸ ಬೋಧನಾ ವಿಧಾನಗಳ ಕೈಪಿಡಿ ಬರ್ತಿದೆ. ನಿಮ್ಮದನ್ನ ಕಳಿಸಿದೀನಿ," ಎಂದರು. ನಲವತ್ತಾರು ವರ್ಷದಲ್ಲಿ ನನ್ನ ಒಂದು ಸಾಲೂ ಅಚ್ಚಾಗಿಲ್ಲ. ಮದುವೆಯ ಕರೆಯೋಲೆಗೆ ಬರೆದ ಎರಡು ಸಾಲನ್ನೂ ಮಾವನವರು ಜಾಗವಿಲ್ಲವೆಂದು ತೆಗೆಸಿದ್ದರು.

ಸಂದೇಹ ಜ್ವರ ಬಿಟ್ಟು ಬಂದಿದ್ದಳು. ಕೈ ಎತ್ತಿದಳು. "ಇವತ್ತು ಸಂದೇಹ ಬೇಡಮ್ಮ, ಬರೀ ಅಭ್ಯಾಸ," ಎಂದೆ. ಕೈ ಇಳಿಸಿದಳು.

ಮನೆಯಲ್ಲಿ ಹೆಂಡತಿಗೆ ಪದ್ಯ ಹೇಳಿದೆ. ಅವಳಿಗೆ ಬಸ್ ನಿಲ್ದಾಣದಲ್ಲಿ ಪ್ರಯಾಣಿಕರ ಚೀಲ ಇಟ್ಟುಕೊಳ್ಳುವ ಲಗೇಜ್ ರೂಮಿನಲ್ಲಿ ಕೆಲಸ. ಕಾಲು ಚಾಚಿಕೊಂಡು ಕೂತು ಕೇಳಿ, "ಅಲ್ಲಾ ರೀ, ನಮ್ಮಲ್ಲಿ ಒಂದು ಚೀಟಿಗೆ ಒಂದೇ ಗೂಡು. ಎರಡು ಗೂಡು ಬರೆದ್ರೆ ಜಗಳ ಗ್ಯಾರಂಟಿ. ಆದ್ರೆ ಒಂದೇ ಗೂಡಲ್ಲಿ ಮೂರು ಚೀಟಿಯವರ ಚೀಲ ತುರುಕ್ತೀವಲ್ಲ, ಅದಕ್ಕೇನು ತೊಂದ್ರೆ? ನಿಮ್ಮ ಪದ್ಯ ಕೇಳಿದ್ರೆ ನಾನು ಬೀಗ ಜಡಿದು ಮನೇಗೆ ಬರ್ಬೇಕು," ಎಂದಳು.

"ಅದು ಲಗೇಜು ಕಣೇ, ಇದು ಗಣಿತ."

"ಹಾಂ, ಹಾಂ. ಟೀ ನೀವೇ ಮಾಡ್ಕೊಳ್ಳಿ, ಗಣಿತದ ಪ್ರಕಾರ."

ಜುಲೈ ೧೭, ಬುಧವಾರ

ಮೂವತ್ತೇಳು ಪತ್ರಿಕೆ,
ಒಂದೇ ಗೂಡಿನ ಇಟ್ಟಿಗೆ.

ನಿನ್ನೆ ಕಿರುಪರೀಕ್ಷೆ ಕೊಟ್ಟಿದ್ದೆ. ಎರಡೇ ಪ್ರಶ್ನೆ; ಆವರಣದೊಳಗಿನ ಮೊದಲ ಸಂಖ್ಯೆ ಎಡಗಡೆಯದು, ಎರಡನೆಯದು ಬಲಗಡೆಯದು. ಮೊದಲನೆಯದು: (೧, ೨), (೧, ೩), (೪, ೫) — ಇದು ಫಲನವೇ? ಅಲ್ಲ, ಒಂದರಿಂದ ಎರಡು ಬಾಣ ಹೊರಟಿವೆ. ಎಲ್ಲರೂ ಸರಿಯಾಗಿ ಬರೆದಿದ್ದಾರೆ. ನನ್ನ ಎದೆ ಉಬ್ಬಿತು.

ಎರಡನೆಯದು: (೧, ೫), (೨, ೫), (೩, ೭). ಇದು ಫಲನ. ಎಡಗಡೆಯ ಮೂರರಿಂದಲೂ ಒಂದೊಂದೇ ಬಾಣ. ಎರಡು ಬಾಣ ಐದರ ಮೇಲೆಯೇ ಬಿದ್ದರೆ ಬೀಳಲಿ. ಆದರೆ ಮೂವತ್ತೇಳು ಜನ ಬರೆದದ್ದು ಒಂದೇ: 'ಐದರ ಪಾಲಿಗೆ ಇಬ್ಬರು ಬಂದಿದ್ದಾರೆ. ಬೀಗ. ಫಲನವಲ್ಲ.' ಅಕ್ಷರ ಬೇರೆ, ಶಾಯಿ ಬೇರೆ, ತಪ್ಪು ಒಂದೇ. ಒಬ್ಬನಂತೂ ಪಕ್ಕದಲ್ಲಿ ಬೀಗದ ಚಿತ್ರ ಬರೆದು ಬಣ್ಣ ತುಂಬಿದ್ದಾನೆ.

ಒಬ್ಬಿಬ್ಬರು ತಪ್ಪಿದರೆ ದಡ್ಡತನ, ಹತ್ತು ಜನ ತಪ್ಪಿದರೆ ಸೋಮಾರಿತನ. ಮೂವತ್ತೇಳು ಜನ ಒಂದೇ ರೀತಿ ತಪ್ಪಿದರೆ ಅದಕ್ಕೆ ಒಂದೇ ಹೆಸರು: ಕಾಪಿ. ಯಾರೋ ಒಬ್ಬ ಮಹಾಮೇಧಾವಿ ತಪ್ಪು ಬರೆದಿದ್ದಾನೆ, ಉಳಿದ ಮಂದೆ ಹಿಂದೆ ಹೋಗಿದೆ. ಪದ್ಯ ನನ್ನದು, ಪ್ರಮಾದ ಆ ಒಬ್ಬನದು. ಹಿಡಿಯಬೇಕು.

ಸಂದೇಹ ಮಾತ್ರ ಸರಿಯಾಗಿ ಬರೆದಿದ್ದಾಳೆ. ಪ್ರಾಮಾಣಿಕ ಹುಡುಗಿ.

ಜುಲೈ ೧೮, ಗುರುವಾರ

ತನಿಖೆ. ಮೊದಲು ಜೇಬು, ಆಮೇಲೆ ಕಂಪಾಸ್ ಪೆಟ್ಟಿಗೆ, ಆಮೇಲೆ ಶೂ. ಒಂದು ಶೂನಲ್ಲಿ ಸಿಕ್ಕಿದ್ದು ತೂತು ಬಿದ್ದ ಕಾಲುಚೀಲ, ಅಷ್ಟೆ.

ಮಧ್ಯಾಹ್ನ ಎಲ್ಲರನ್ನೂ ಆಟದ ಮೈದಾನದಲ್ಲಿ ಹತ್ತು ಹೆಜ್ಜೆಗೊಬ್ಬರಂತೆ ಕೂರಿಸಿದೆ. ಹೊಸ ಪ್ರಶ್ನೆ: (೨, ೯), (೪, ೯), (೬, ೧). ಗಾಳಿಗೆ ಹಾಳೆಗಳು ಹಾರಿ, ಅರ್ಧ ತರಗತಿ ಓಡಿ ಹಿಡಿಯುವುದರಲ್ಲೇ ಕಳೆಯಿತು. ದೈಹಿಕ ಶಿಕ್ಷಕರು ದೂರದಿಂದ ನೋಡಿ ಚಪ್ಪಾಳೆ ತಟ್ಟಿದರು.

ಉತ್ತರ: ಮೂವತ್ತೇಳು ಬೀಗ.

ಹತ್ತು ಹೆಜ್ಜೆಯಾಚೆಯಿಂದ ಯಾರ ಕಣ್ಣಿಗೂ ಪಕ್ಕದ ಹಾಳೆ ಕಾಣುವುದಿಲ್ಲ. ಅಂದಮೇಲೆ ಇದು ಕಣ್ಣಿನ ಕಾಪಿಯಲ್ಲ, ಬಾಯಿಯ ಕಾಪಿ. ಮೊದಲೇ ಮಾತಾಡಿಕೊಂಡು ಬಂದಿದ್ದಾರೆ! ಇವರ ಒಗ್ಗಟ್ಟನ್ನು ಗಡಿ ಕಾಯಲು ಬಳಸಬಹುದು.

ಜುಲೈ ೧೯, ಶುಕ್ರವಾರ

ಜಾಡು ಹಿಡಿದವನೇ ಜಾಣ,
ಯಾರಿಂದ ಹೊರಟಿತು ಮೊದಲ ಬಾಣ?

ಮುಖ್ಯೋಪಾಧ್ಯಾಯಿನಿಯವರಿಗೆ ಲಿಖಿತ ದೂರು ಕೊಟ್ಟೆ. ಅವರು ಕನ್ನಡಕ ತೆಗೆದು ಒರೆಸಿದರು. "ಮೇಷ್ಟ್ರೇ, ಯೋಚನೆ ಮಾಡಿದೀರಾ? ನಕಲು ಅಂತ ದಾಖಲಾದ್ರೆ ಈ ಪರೀಕ್ಷೆ ಅಂಕ ಸೊನ್ನೆ. ಅದು ಹೋಗ್ಲಿ, ಶಾಲೆ ಬಿಡುವಾಗ ಕೊಡೋ ಪತ್ರದಲ್ಲಿ ನಡತೆ ಕಾಲಮ್ಮಲ್ಲಿ 'ತೃಪ್ತಿಕರವಲ್ಲ' ಅಂತ ಬರೀಬೇಕಾಗತ್ತೆ. ಮೂವತ್ತೇಳು ಮಕ್ಕಳಿಗೂ."

"ಶಿಸ್ತು ಶಿಸ್ತೇ, ಮೇಡಂ."

"ಸರಿ. ಮುಂದಿನ ಶುಕ್ರವಾರ ಪೋಷಕರನ್ನ ಕರೆಸಿ ವಿಚಾರಣೆ. ಈ ನಮೂನೆ ತುಂಬಿಸಿ ತನ್ನಿ."

ನಮೂನೆಯಲ್ಲಿ ಎರಡು ಕಾಲಮ್ಮು: 'ನಕಲು ಮಾಡಿದವರು', 'ಯಾರಿಂದ'. ಮೊದಲನೆಯದಕ್ಕೆ ಮೂವತ್ತೇಳು ರೋಲ್ ನಂಬರು ತುಂಬಿಸಿದೆ. ಎರಡನೆಯದು ಖಾಲಿ.

ತರಗತಿಯಲ್ಲಿ, "ಮೊದಲು ಬರೆದವರು ಯಾರು? ಒಪ್ಪಿಕೊಂಡರೆ ಉಳಿದವರನ್ನು ಬಿಡುತ್ತೇನೆ," ಎಂದೆ. ಮುಂದಿನ ಬೆಂಚಿನ ಟೈಲರ್ ಮಗಳು ಎದ್ದು ನಿಂತು, "ನಾವೇ ಯೋಚಿಸಿ ಬರೆದ್ವಿ ಸಾರ್," ಎಂದಳು. "ಮೂವತ್ತೇಳು ಜನರೂ ಒಂದೇ ರೀತಿ ಯೋಚಿಸಿದಿರೋ?" ಎಂದೆ. ಕಣ್ಣಲ್ಲಿ ನೀರು ತುಂಬಿಕೊಂಡು ಕೂತಳು. ನಾಟಕ.

ಜುಲೈ ೨೨, ಸೋಮವಾರ

ಕೈಪಿಡಿಯ ಕರಡಚ್ಚು ಬಂದಿದೆ! ಪುಟ ನಲವತ್ತೊಂದು. ನನ್ನ ನಾಲ್ಕು ಸಾಲು, ಸುತ್ತಲೂ ಹೂಬಳ್ಳಿಯ ಚೌಕಟ್ಟು, ಕೆಳಗೆ ನನ್ನ ಹೆಸರು. ಹೆಸರಿನಲ್ಲಿ ಒಂದು ದೀರ್ಘ ಬಿಟ್ಟುಹೋಗಿದೆ, ಅದನ್ನು ಕೆಂಪು ಶಾಯಿಯಲ್ಲಿ ತಿದ್ದಿದೆ. ಬುಧವಾರ ಕೋಟಿಗೆ ಅಳತೆ ಕೊಡಬೇಕು. ಬಿಡುಗಡೆ ಸಮಾರಂಭದಲ್ಲಿ ವೇದಿಕೆಯ ಮೇಲೆ ಕೂರಿಸುತ್ತಾರಂತೆ.

ಪುಟವನ್ನು ಹೆಂಡತಿಗೆ ತೋರಿಸಿದೆ. "ಚೌಕಟ್ಟು ಚೆನ್ನಾಗಿದೆ," ಎಂದಳು.

ಜುಲೈ ೨೩, ಮಂಗಳವಾರ

ಬೆಳಿಗ್ಗೆ ಸಂದೇಹಳನ್ನು ಸ್ಟಾಫ್ ರೂಮಿಗೆ ಕರೆಸಿದೆ. ಮೆಚ್ಚಿಕೊಳ್ಳಬೇಕೆಂದೇ ಕರೆಸಿದ್ದು.

"ಮಂದೆಯ ಹಿಂದೆ ಹೋಗದೆ ಸ್ವಂತ ಬುದ್ಧಿಯಿಂದ ಬರೆದವಳು ನೀನೊಬ್ಬಳೇ. ಶಹಬ್ಬಾಸ್."

ಅವಳು ಸಂತೋಷಪಡುವ ಬದಲು ನೆಲ ನೋಡಿದಳು. "ಸಾರ್, ಒಂದು ಸಂದೇಹ."

"ಕೇಳು."

"ಅವರು ಯಾರೂ ಕಾಪಿ ಮಾಡಿಲ್ಲ ಸಾರ್. ನೀವು ಪದ್ಯ ಹೇಳ್ಕೊಟ್ಟ ದಿನ ನಾನು ಬಂದಿರ್ಲಿಲ್ಲ. ಮನೇಲಿ ಪುಸ್ತಕ ನೋಡಿ ಓದ್ಕೊಂಡೆ. ಆಮೇಲೆ ಬಂದು ಪದ್ಯ ಕೇಳಿದ್ರೆ, ಪುಸ್ತಕ ಒಂದು ಹೇಳತ್ತೆ, ಪದ್ಯ ಇನ್ನೊಂದು ಹೇಳತ್ತೆ. ಅದನ್ನೇ ಕೇಳೋಣ ಅಂತ ಕೈ ಎತ್ತಿದ್ದೆ. ನೀವು ಸಂದೇಹ ಬೇಡ ಅಂದ್ರಿ."

"ಪದ್ಯದಲ್ಲಿ ಏನು ತಪ್ಪಿದೆ?"

"ಪಾಲಿಗೆ ಇಬ್ಬರು ಬಂದ್ರೆ ಬೀಗ ಹಾಕು ಅಂತಿದೆ. ಐದರ ಪಾಲಿಗೆ ಇಬ್ಬರು ಬಂದ್ರು. ಅವರು ಹಾಕಿದ್ರು." ತಲೆ ಎತ್ತಿ, "ನೀವು ಹೇಳಿದ ಹಾಗೇ ಮಾಡಿದ್ದಾರೆ ಸಾರ್," ಎಂದಳು.

ಅವಳನ್ನು ಕಳಿಸಿ ಪುಟ ನಲವತ್ತೊಂದನ್ನು ತೆಗೆದೆ. ಒಬ್ಬರಿಗೊಬ್ಬರೇ ಜೊತೆ. ಯಾವ ಕಡೆಯ ಒಬ್ಬರಿಗೆ? ಬರೆದಿಲ್ಲ. ಇಬ್ಬರು ಬಂದರೆ ಪಾಲಿಗೆ. ಯಾರ ಪಾಲಿಗೆ? ಬರೆದಿಲ್ಲ. ಎಡಗಡೆಯವರ ಪಾಲಿಗೆಂದು ನನ್ನ ತಲೆಯಲ್ಲಿತ್ತು. ಪದ್ಯದಲ್ಲಿರಲಿಲ್ಲ. ಮೂವತ್ತೇಳು ಮಕ್ಕಳು ಮೈದಾನದಲ್ಲಿ ಗಾಳಿಗೆ ಹಾರುವ ಹಾಳೆಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದುಕೊಂಡು, ಮೇಷ್ಟ್ರು ಹೇಳಿದ್ದನ್ನು ಒಂದಕ್ಷರ ತಪ್ಪದೆ ಪಾಲಿಸಿದ್ದಾರೆ.

ಹೂಬಳ್ಳಿ ನಿಜಕ್ಕೂ ಚೆನ್ನಾಗಿದೆ.

ಸಂಜೆ ಹೆಂಡತಿಗೆ ಹೇಳಿದೆ. "ಅವತ್ತೇ ಹೇಳಿದ್ನಲ್ರೀ," ಎಂದು ಒಂದು ಸಲ ಅಂದಳು. ಇನ್ನೊಂದು ಸಲ ಅನ್ನಲಿಲ್ಲ. ಅದೇ ಹೆಚ್ಚು ಚುಚ್ಚಿತು.

ಜುಲೈ ೨೪, ಬುಧವಾರ

ಕೋಟಿನ ಅಳತೆಗೆ ಹೋಗದೆ ಇರಬಹುದಿತ್ತು. ಹೋದೆ. ಅವತ್ತು ಕಣ್ಣೀರು ತುಂಬಿಕೊಂಡ ಹುಡುಗಿಯ ಅಪ್ಪನೇ ಟೈಲರು. ನಮ್ಮ ಬೀದಿಗೆ ಅವರೊಬ್ಬರೇ.

ಎದೆಯ ಸುತ್ತ ಟೇಪು ಹಾಕಿ, "ಉಸಿರು ಬಿಡಿ ಸಾರ್," ಎಂದರು. ನಾನು ಬಿಡಲಿಲ್ಲವೆಂದು ಕಾಣುತ್ತದೆ, ಇನ್ನೊಮ್ಮೆ ಹೇಳಿದರು.

"ಶುಕ್ರವಾರ ಬರೋಕೆ ಚೀಟಿ ಬಂದಿದೆ ಸಾರ್. ಅಂಗಡಿ ಮುಚ್ಚಿ ಬರ್ತೀನಿ. ಮಗಳಿಗೆ ಮುಂದೆ ನರ್ಸಿಂಗ್ ಓದ್ಬೇಕು ಅಂತ ಆಸೆ. ನಡತೆ ಸರಿಯಿಲ್ಲ ಅಂತ ಬರೆದ್ರೆ ಅಲ್ಲಿ ಅರ್ಜೀನೇ ತಗೊಳ್ಳಲ್ವಂತೆ, ಹೌದಾ?"

"ಹಾಗಂತಾರೆ."

"ನಾನು ಕಾಪಿ ಹೊಡೆದಿಲ್ಲಪ್ಪ ಅಂತ ಐದು ದಿನದಿಂದ ಅಳ್ತಿದ್ದಾಳೆ." ತೋಳಿನ ಉದ್ದ ಅಳೆದು, ಬಾಯಲ್ಲಿದ್ದ ಗುಂಡುಸೂಜಿ ತೆಗೆದು ದಿಂಬಿಗೆ ಚುಚ್ಚಿದರು. "ನಾನೇ ಬೈದೆ ಸಾರ್. ಮೇಷ್ಟ್ರು ಯಾಕಮ್ಮ ಸುಳ್ಳು ಹೇಳ್ತಾರೆ ಅಂತ."

ಏನೋ ಹೇಳಬೇಕೆಂದು ಬಾಯಿ ತೆರೆದೆ. "ಕೈ ಸ್ವಲ್ಪ ಮೇಲೆ ಸಾರ್," ಎಂದರು. ಕೈ ಮೇಲೆತ್ತಿದೆ, ಬಾಯಿ ಮುಚ್ಚಿದೆ.

ಜುಲೈ ೨೫, ಗುರುವಾರ

ಒಂದು ಉಪಾಯ ಮಾಡಿದೆ. ದೂರನ್ನು ಸದ್ದಿಲ್ಲದೆ ವಾಪಸು ಪಡೆದರಾಯಿತು. ಕಾರಣ: 'ಸಾಕ್ಷ್ಯಾಧಾರಗಳ ಕೊರತೆ.' ಮಕ್ಕಳೂ ಉಳಿಯುತ್ತಾರೆ, ಪುಟ ನಲವತ್ತೊಂದೂ ಉಳಿಯುತ್ತದೆ. ಅರ್ಜಿ ಬರೆದು, ಓದಿ, ಹೆಂಡತಿಗೂ ಓದಿ ಹೇಳಿದೆ.

"ಅಂದ್ರೆ, ಮಕ್ಕಳು ಕದ್ದಿದ್ದು ನಿಜ, ಸಿಕ್ಕಿಹಾಕ್ಕೊಂಡಿಲ್ಲ ಅಷ್ಟೆ, ಅಂತ ಅರ್ಥ ಅಲ್ವಾ?"

"ಹಾಗೇನೂ ಬರೆದಿಲ್ಲ."

"ಬರೆದಿಲ್ಲ, ಸರಿ. ಓದೋರು ಹಾಗೇ ಓದ್ತಾರೆ. ನಿಮ್ಮ ಬರವಣಿಗೇಲಿ ಬಿಟ್ಟುಹೋಗಿರೋದೇ ಕೆಲಸ ಕೆಡಿಸೋದು, ಈಗ ಗೊತ್ತಾಯ್ತಲ್ಲ."

ಇಪ್ಪತ್ತು ವರ್ಷ ಸಂಸಾರ ಮಾಡಿದವಳು ಇಷ್ಟು ಚೆನ್ನಾಗಿ ವಿಮರ್ಶೆ ಮಾಡುತ್ತಾಳೆಂದು ಗೊತ್ತಿರಲಿಲ್ಲ. ಅರ್ಜಿ ಹರಿದೆ.

ಜುಲೈ ೨೬, ಶುಕ್ರವಾರ

ಗ್ರಂಥಾಲಯದಲ್ಲಿ ವಿಚಾರಣೆ. ಪೋಷಕರಿಗೆ ಕುರ್ಚಿ ಸಾಲದೆ ಅರ್ಧ ಜನ ಕಪಾಟಿಗೆ ಒರಗಿ ನಿಂತಿದ್ದರು. ಮಕ್ಕಳು ಕಿಟಕಿಯಾಚೆ. ಒಬ್ಬ ಅಪ್ಪ ಕೆಲಸದಿಂದ ನೇರ ಬಂದಿದ್ದರು, ತಲೆಯ ಮೇಲಿನ ಹೆಲ್ಮೆಟ್ ತೆಗೆಯುವುದನ್ನೂ ಮರೆತಿದ್ದರು.

ಮುಖ್ಯೋಪಾಧ್ಯಾಯಿನಿಯವರು ನನ್ನ ನಮೂನೆ ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದರು. "ಇದೇನ್ರೀ ಮೇಷ್ಟ್ರೇ, ಚಿತ್ರ ಬರೆದಿದೀರಿ?"

ಎಡಗಡೆ ಮೂವತ್ತೇಳು ನಂಬರು. ಬಲಗಡೆ 'ಯಾರಿಂದ' ಎಂಬಲ್ಲಿ ಒಂದೇ ಹೆಸರು, ನನ್ನದು. ಮೂವತ್ತೇಳು ಬಾಣಗಳು ಬಂದು ಅದರ ಮೇಲೆ ಬಿದ್ದು ಹೆಸರೇ ಕಾಣದಂತಾಗಿತ್ತು.

"ಎಲ್ಲರೂ ನನ್ನಿಂದ ಕಾಪಿ ಮಾಡಿದ್ದಾರೆ, ಮೇಡಂ. ತಪ್ಪು ನನ್ನದು. ನಾನು ಕಲಿಸಿದ್ದನ್ನೇ ಅವರು ಬರೆದದ್ದು."

ಹೆಲ್ಮೆಟ್ಟಿನವರು ಪಕ್ಕದವರನ್ನು, "ಹಂಗಾದ್ರೆ ನಮ್ಮ ಹುಡುಗ ಕದ್ದಿಲ್ವಾ?" ಎಂದು ಕೇಳಿದರು. "ಇಲ್ವಂತೆ, ಮೇಷ್ಟ್ರೇ ದಾರಿ ತಪ್ಪಿದ್ದಂತೆ." "ಅದಕ್ಕೆ ನಂದು ಅರ್ಧ ದಿನ ಹೋಯ್ತಾ?"

ಟೈಲರು ನನ್ನನ್ನು ನೋಡಲಿಲ್ಲ. ಕಿಟಕಿಯ ಕಡೆ ತಿರುಗಿ ಮಗಳನ್ನು ಹುಡುಕುತ್ತಿದ್ದರು.

ಎಲ್ಲರೂ ಹೋದಮೇಲೆ ಮುಖ್ಯೋಪಾಧ್ಯಾಯಿನಿಯವರು ಕಡತ ಮುಚ್ಚಿದರು. "ನಿಮಗೆ ಒಂದು ನೋಟೀಸು ಕೊಡ್ಲೇಬೇಕು, ಬೇಜಾರು ಮಾಡ್ಕೋಬೇಡಿ. ಆದ್ರೆ ಕೈಪಿಡಿ? ಒಂದು ಪದ ಅಲ್ಲಿ ಇಲ್ಲಿ ತಿದ್ದಿದ್ರೆ ಸಾಕಲ್ವಾ?"

"ನೋಡಿದೆ, ಮೇಡಂ. ತಿದ್ದಿದರೆ ಪದ್ಯ ಕೆಡುತ್ತದೆ, ಬಿಟ್ಟರೆ ಮಕ್ಕಳು. ಪುಟ ತೆಗೆಸಿಬಿಡಿ."

ಅಲ್ಲೇ ಕೂತು ಇಲಾಖೆಗೆ ಪತ್ರ ಬರೆದುಕೊಟ್ಟೆ. ಸಹಿ ಮಾಡುವಾಗ ಹೆಸರಿನ ದೀರ್ಘ ಮರೆಯಲಿಲ್ಲ.

ಜುಲೈ ೨೯, ಸೋಮವಾರ

ಬಿ ವಿಭಾಗದಲ್ಲಿ ಪಾಠ ಮೊದಲಿನಿಂದ. ಶುಕ್ರವಾರದ ಚಿತ್ರವನ್ನೇ ಹಲಗೆಯ ಮೇಲೆ ಬರೆದೆ: ಎಡಗಡೆ ಮೂವತ್ತೇಳು ಚುಕ್ಕೆ, ಬಲಗಡೆ ನಾನು. ಬಲಗಡೆಯ ಚುಕ್ಕೆಗೆ ಹಿಂದಿನ ಬೆಂಚಿನವನೊಬ್ಬ ಮೀಸೆ ಸೇರಿಸಿದ. ಅಳಿಸದೆ ಬಿಟ್ಟೆ.

"ಇದು ಫಲನವೇ?"

ಈ ಸಲ ಯಾರೂ ಬೆಂಚು ಬಡಿಯಲಿಲ್ಲ. ನಾನು ಕಾದೆ. ಕಾಯುವುದು ಕಷ್ಟ, ಬಾಯಿ ತುರಿಸುತ್ತದೆ. ಕೊನೆಗೆ ಮೀಸೆ ಬರೆದವನು, "ಹೌದು ಸಾರ್. ನಮ್ಮಲ್ಲಿ ಪ್ರತಿಯೊಬ್ಬರಿಂದಲೂ ಒಂದೇ ಬಾಣ ಹೊರಟಿದೆ. ಎಲ್ಲಾ ನಿಮಗೇ ಬಿದ್ರೂ ಪರವಾಗಿಲ್ಲ," ಎಂದ. 'ಪರವಾಗಿಲ್ಲ' ಎಂಬುದನ್ನು ಬೇಕೆಂದೇ ಎಳೆದ. ತರಗತಿ ನಕ್ಕಿತು.

ಸಂದೇಹ ಕೈ ಎತ್ತಿದಳು. "ಬಾಣ ತಿರುಗಿಸಿದ್ರೆ ಸಾರ್? ನಿಮ್ಮಿಂದ ನಮ್ಮ ಕಡೆಗೆ?"

ಉತ್ತರಕ್ಕಾಗಿ ತರಗತಿಯ ಕಡೆ ನೋಡಿದೆ. ಟೈಲರ್ ಮಗಳು ಎದ್ದಳು. ಹತ್ತು ದಿನದಿಂದ ನನ್ನೊಡನೆ ಒಂದು ಮಾತೂ ಆಡಿರಲಿಲ್ಲ.

"ಆಗಲ್ಲ. ಒಬ್ಬರಿಂದಲೇ ಮೂವತ್ತೇಳು ಬಾಣ ಹೊರಡತ್ತೆ. ಫಲನ ಅಲ್ಲ."

"ಸರಿಯಾಗಿದೆ. ಕೂತ್ಕೊಳಮ್ಮ."

ಕೂರಲಿಲ್ಲ. "ಸಾರ್, ಶುಕ್ರವಾರ ನೀವು ತಪ್ಪು ಒಪ್ಕೊಂಡಿದ್ದು ನಮ್ಮಪ್ಪ ಅಮ್ಮಂದಿರ ಹತ್ರ. ಕಳ್ಳರು ಅಂದಿದ್ದು ನಮಗೆ."

ಅವಳು ಹೇಳಿದ್ದರಲ್ಲಿ ತಿದ್ದುವಂಥದ್ದು ಏನೂ ಇರಲಿಲ್ಲ. ಎಲ್ಲರಿಗೂ ಸೇರಿಸಿ ಒಂದು ಮಾತು ಹೇಳಿ ಮುಗಿಸಬಹುದಿತ್ತು. ಹಾಜರಿ ಪುಸ್ತಕ ತೆಗೆದೆ. ಮೊದಲು ಸಂದೇಹ: ಕೈ ಎತ್ತಿದವಳ ಕೈ ಇಳಿಸಿದ್ದಕ್ಕೆ. ಆಮೇಲೆ ಒಂದೊಂದೇ ಹೆಸರು ಕರೆದು, ಎದ್ದು ನಿಂತವರ ಮುಖ ನೋಡಿ ಕ್ಷಮೆ ಕೇಳುತ್ತಾ ಹೋದೆ. ಒಬ್ಬನಿಗೆ ಶೂ ಬಿಚ್ಚಿಸಿದ್ದಕ್ಕೆ. ಒಬ್ಬಳಿಗೆ, ಅವಳು ಅತ್ತಾಗ ನಾಟಕ ಎಂದುಕೊಂಡದ್ದಕ್ಕೆ. ಅವಳು "ಸರಿ ಸಾರ್" ಎಂದು ಕೂತಳು. ಒಬ್ಬ ಅಭ್ಯಾಸಬಲದಿಂದ "ಹಾಜರ್ ಸಾರ್" ಎಂದುಬಿಟ್ಟ.

ಮೂವತ್ತೇಳರಲ್ಲಿ ಇಪ್ಪತ್ತೆರಡು ಜನ ಮುಗಿಯುವಷ್ಟರಲ್ಲಿ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಇತಿಹಾಸದ ಮೇಷ್ಟ್ರು ಬಾಗಿಲಲ್ಲಿ ನಿಂತು ಗಡಿಯಾರ ನೋಡಿಕೊಂಡರು.

"ಇನ್ನೂ ಹದಿನೈದು ಜನ ಇದ್ದಾರೆ," ಎಂದೆ. "ಐದು ನಿಮಿಷ ಕೊಡಿ."